ದೋಣಿಗೊಂದು ಹಂದ್ರ

ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಯಾರೂ ಮಾತಾಡಿಸಬಾರದು. ಇದು ಇವತ್ತು ನಿನ್ನೆಯ ಅಭ್ಯಾಸವಲ್ಲ. ನಮ್ಮ ಮನೆಯವರು ಹಡಗಿನ ಕೆಲಸಕ್ಕೆ ಸೇರಿದ ವರ್ಷದಿಂದ ಇದ್ದದ್ದು. ಹರಿಹರದಲ್ಲಿ ಫಿಟ್ಟರ್ ಕೆಲಸ ಕಲಿತವರು ಅಲ್ಲೇ ಎಲ್ಲಾದರೂ ಇರಬಹುದಿತ್ತು. ಹೋಗಿ ಹಡಗಿನ ಎಂಜಿನ್ ಕೋಣೆ ಸೇರಿದರು. ವರ್ಷಕ್ಕೊಮ್ಮೆ ಬೀಗರು ಬಂದ ಹಾಗೆ ಬಂದು, ಎರಡು ತಿಂಗಳು ಇದ್ದು, ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದರು. ಎಂ.ಸಿ.ಸಿ. ಬಿ ಬ್ಲಾಕಿನ ಈ ಮನೆಯ ಗಾರೆ ಕೆಲಸದಿಂದ ಹಿಡಿದು ಮಗಳ ಮದುವೆಯವರೆಗೆ ಎಲ್ಲವನ್ನೂ ನಿಂತು ಮಾಡಿಸಿದವಳು ನಾನು. ಅದಕ್ಕೆ ಪ್ರತಿಯಾಗಿ ನಾನು ಇಟ್ಟುಕೊಂಡಿದ್ದು ಮಧ್ಯಾಹ್ನದ ಒಂದಿಷ್ಟು ಹೊತ್ತು, ಅಷ್ಟೇ.

ಆ ಹೊತ್ತಿನಲ್ಲಿ ನಾನು ಏನೂ ಮಾಡುವುದಿಲ್ಲ. ನಿಜವಾಗಿಯೂ ಏನೂ ಇಲ್ಲ. ಮುಂಬಾಗಿಲಿಗೆ ಅಗುಳಿ ಹಾಕಿ, ಪಡಸಾಲೆಯ ತಣ್ಣನೆ ನೆಲದ ಮೇಲೆ ಚಾಪೆಯೂ ಇಲ್ಲದೆ ಬಿದ್ದುಕೊಳ್ಳುತ್ತೇನೆ. ನಿದ್ದೆ ಬಂದರೆ ಬಂತು, ಬರದಿದ್ದರೆ ಫ್ಯಾನು ನೋಡುತ್ತೇನೆ. ಫೋನು ಬಡಿದುಕೊಂಡರೆ ಬಡಿದುಕೊಳ್ಳಲಿ. ಬೆಳಗ್ಗೆ ಎದ್ದಾಗಿನಿಂದ ಊರಿನವರಿಗೆಲ್ಲ ಹೂಂ ಹೂಂ ಅಂದ ಬಾಯಿಗೆ ಸ್ವಲ್ಪ ಹೊತ್ತು ಬಿಡುವು. ಇದನ್ನು ಯಾರಿಗಾದರೂ ಬಿಡಿಸಿ ಹೇಳಿದರೆ "ಸೋಮಾರಿ" ಅನ್ನುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ.

ಆಮೇಲೆ ಇವರು ನಿವೃತ್ತರಾಗಿ ಮನೆಗೆ ಬಂದರು, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದರು. ಮೊದಲ ತಿಂಗಳು ಹಬ್ಬದ ಹಾಗೆಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಎರಡನೆಯ ತಿಂಗಳು ಮುಗಿದಾಗ ನನ್ನ ಮನಸ್ಸು ತಾನಾಗಿಯೇ ಇವರ ಬಟ್ಟೆ ಮಡಚಿ ಇಡಲು ಶುರು ಮಾಡಿತ್ತು. ಹೊರಡುವುದಿಲ್ಲ ಅನ್ನುವುದು ತಲೆಗೆ ಹೋಗಿತ್ತೇ ಹೊರತು ಮೈಗೆ ಹೋಗಿರಲಿಲ್ಲ.

ಎಂಜಿನ್ನಿನ ಸದ್ದಿನಲ್ಲಿ ಆಯುಸ್ಸು ಕಳೆದ ಮನುಷ್ಯನಿಗೆ ನಮ್ಮ ಮನೆಯ ಮಧ್ಯಾಹ್ನ ಆಗಿ ಬರಲಿಲ್ಲ. ಮಿಕ್ಸಿ ಬಿಚ್ಚಿ ಜೋಡಿಸಿದರು. ಬಾಗಿಲ ಕೀಲಿಗೆಲ್ಲ ಎಣ್ಣೆ ಬಿಟ್ಟರು. ಅಡಿಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ನಾನು ಸಾಸಿವೆ ಹುಡುಕುತ್ತಾ ಒಗ್ಗರಣೆ ಸೀಯಿಸುವ ಹಾಗೆ ಮಾಡಿದರು. ಊಟವಾಗಿ ನಾನು ಉರುಳಿಕೊಂಡರೆ ತಲೆಯ ಹತ್ತಿರವೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

"ಏ, ಮಲಗಿದಿಯೇನು?"

"ಇಲ್ಲ."

"ಮತ್ತೆ ಯಾಕ ಕಣ್ಣು ಮುಚ್ಚಿದಿ?"

ಇದಕ್ಕೇನು ಉತ್ತರ ಕೊಡುತ್ತೀರಿ? ಪೇಪರಿನಲ್ಲಿ ಬಂದ ಅಡಿಕೆ ಧಾರಣೆಯನ್ನು ಓದಿ ಹೇಳುತ್ತಿದ್ದರು. ನಮಗೆ ಒಂದು ಅಡಿಕೆ ಗಿಡವೂ ಇಲ್ಲ. ಕುಡುಕರಾಗಿದ್ದರೆ, ಬೈಗುಳದವರಾಗಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ಇವರು ಒಳ್ಳೆಯವರು. ಒಳ್ಳೆಯ ಗಂಡಸು ತಲೆಯ ಹತ್ತಿರ ಕೂತು ಪ್ರೀತಿಯಿಂದ ಮಾತಾಡುತ್ತಿದ್ದರೆ ಎದ್ದು ಹೋಗುವುದಾದರೂ ಎಲ್ಲಿಗೆ? ನಾನು ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ನಲ್ಲಿ ಬಿಟ್ಟುಕೊಂಡು, ಮಗುಚಿ ಹಾಕಿದ ಬಕೀಟಿನ ಮೇಲೆ ಕೂರುತ್ತಿದ್ದೆ. ನಾನೇ ಕಟ್ಟಿಸಿದ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಅತ್ತೂ ಬಿಟ್ಟಿದ್ದೇನೆ ಅಲ್ಲಿ ಕೂತು, ಸಿಟ್ಟಿಗೆ.

ಹೀಗಿರುವಾಗ ಹಳೆಯ ಹಡಗಿನ ಗೆಳೆಯನನ್ನು ನೋಡಿ ಬರುತ್ತೇನೆ ಎಂದು ಕಾರವಾರಕ್ಕೆ ಹೋದವರು ಗೂಡ್ಸ್ ಲಾರಿಯ ಮೇಲೆ ಒಂದು ದೋಣಿ ಹೇರಿಸಿಕೊಂಡು ಬಂದರು. ಹಾಯಿ ಕಟ್ಟುವ ದೋಣಿ. ನಾಲ್ಕು ಜನ ಕೂರಬಹುದಾದಷ್ಟು ದೊಡ್ಡದು, ಬಣ್ಣ ಎದ್ದು ಹೋದದ್ದು. ಓಣಿಯೆಲ್ಲ ಸೇರಿತು. ಸಮುದ್ರವಿಲ್ಲದ ಊರಿಗೆ ಹಾಯಿದೋಣಿ! ನನಗೆ ಬೈಯಬೇಕು ಅನ್ನಿಸಲಿಲ್ಲ, ಒಳಗೆ ಹೋಗಿ ಹೆಸರುಬೇಳೆ ಪಾಯಸಕ್ಕೆ ಇಟ್ಟೆ. ದೋಣಿ ಇದ್ದರೆ ಅದಕ್ಕೊಂದು ಕೆರೆ ಬೇಕು, ಕೆರೆ ಅಂದರೆ ಊರ ಹೊರಗೆ, ಊರ ಹೊರಗೆ ಅಂದರೆ ಮನೆಯಲ್ಲಲ್ಲ. ಅಯ್ಯೋ ಶಿವನೇ, ಅಂತೂ ಕಣ್ಣು ಬಿಟ್ಟೆಯಲ್ಲ ಅಂದುಕೊಂಡೆ.

ಕೊಂಡಜ್ಜಿ ಕೆರೆಯಲ್ಲಿ ಇಟ್ಟುಕೊಳ್ಳಲು ಯಾರು ಯಾರನ್ನೋ ಕಂಡು ಒಪ್ಪಿಗೆ ತಂದರು. ಬೆಳಗ್ಗೆ ತಿಂಡಿ ತಿಂದು ಸ್ಕೂಟರ್ ಹತ್ತಿದರೆ, ಊಟದ ಹೊತ್ತಿಗೆ ಸರಿಯಾಗಿ ವಾಪಸು. ಮುಖ ಸುಟ್ಟ ಬದನೆಕಾಯಿಯಂತೆ ಆಗಿರುತ್ತಿತ್ತು. "ಬಿಸಿಲು ತಡೆಯಾಕಾಗಲ್ಲ ಮಾರಾಯ್ತಿ" ಎಂದು ಕೈಕಾಲು ತೊಳೆದು, ಉಂಡು, ಕುರ್ಚಿ ಎಳೆದುಕೊಳ್ಳುತ್ತಿದ್ದರು. ಬೆಳಗಿನ ಹೊತ್ತು ಅವರು ಇದ್ದರೂ ಇಲ್ಲದಿದ್ದರೂ ನನಗೆ ಒಂದೇ, ಕೆಲಸದಲ್ಲಿರುತ್ತೇನೆ. ನನಗೆ ಬೇಕಾದ ಹೊತ್ತಿಗೇ ಬಿಸಿಲು ಅವರನ್ನು ಹಿಡಿದು ತಂದು ಮನೆಗೆ ಬಿಡುತ್ತಿತ್ತು.

ಒಂದು ದಿನ ರೊಟ್ಟಿ ಬಡಿಯುತ್ತಾ ಹೊಳೆಯಿತು. ದೋಣಿಯ ಮೇಲೊಂದು ನೆರಳು ಮಾಡಿಕೊಟ್ಟರೆ? ಬುತ್ತಿ ಕಟ್ಟಿ ಕಳಿಸಿದರೆ ಸಂಜೆಯವರೆಗೆ ಅಲ್ಲೇ ಇರಬಹುದಲ್ಲ!

"ರೀ, ದೋಣಿ ಮೇಲೆ ನೆರಳು ಮಾಡಿದ್ರೆ ಹೆಂಗೆ?"

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ನೆರಳಾ? ಮಾಡ್ತಾರಪ್ಪ. ಬೂಮ್ ಟೆಂಟ್ ಅಂತಾರೆ ಅದಕ್ಕೆ. ಹಾಯಿ ಬುಡದಾಗೆ ಒಂದು ಅಡ್ಡಗೋಲು ಐತಲ್ಲ, ಅದೇ ಬೂಮು. ಅದರ ಮೇಲೆ ಬಟ್ಟೆ ಹಾಕಿ ಎರಡೂ ಕಡೆ ಬಿಗಿಯೋದು. ಬ್ಯಾಡ ಬಿಡು, ಯಾಕ ತ್ರಾಸು."

"ತ್ರಾಸೇನು ಬಂತು? ಮಿಷನ್ ಐತೆ, ನಾನಿದೀನಿ."

"ನೀನೇ ಹೊಲಿತೀಯಾ?" ಎಂದು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಲೆ ತಗ್ಗಿಸಿ ಊಟ ಮಾಡಿದರು. ಹೆಂಡತಿ ಇಷ್ಟು ಮಾಡುತ್ತಾಳಲ್ಲ ಎಂದು ಕರಗಿದರು ಅಂತ ನಾನು ತಿಳಿದೆ. ತಿಳಿದುಕೊಳ್ಳಲಿ ಬಿಡು ಎಂದು ಇನ್ನೊಂದು ರೊಟ್ಟಿ ಹಾಕಿದೆ.

ಭಾನುವಾರ ಅಳತೆಗೆ ಹೋದೆವು. ದೋಣಿಯನ್ನು ದಡಕ್ಕೆ ಕಟ್ಟಿದ್ದರು. ನಾನು ರವಿಕೆ ಅಳೆಯುವ ಟೇಪು ತೆಗೆದು ಹಾಯಿಕಂಬದಿಂದ ಅಡ್ಡಗೋಲಿನ ತುದಿಯವರೆಗೆ, ಗೋಲಿನ ಮೇಲಿಂದ ಇಳಿದು ಈ ಅಂಚಿನಿಂದ ಆ ಅಂಚಿಗೆ ಅಳೆದೆ. ಗೋಲು ತೀರಾ ಕೆಳಗಿತ್ತು. ಹಿಂದುಗಡೆ ಕವಲು ಕೋಲೊಂದನ್ನು ನಿಲ್ಲಿಸಿ ಅದರ ಮೇಲೆ ಎತ್ತಿ ಕೂರಿಸಬೇಕಾಯಿತು. ಮೊದಲು ಹಳೆಯ ಸೀರೆಯೊಂದನ್ನು ಹೊದಿಸಿ ನೋಡಿದೆ. ಗುಡಿಸಲಿನ ಸೂರಿನ ಹಾಗೆ ಎರಡೂ ಕಡೆ ಇಳಿದು ಕೂತವರ ಕಿವಿಗೆ ಬಟ್ಟೆ ತಾಗುತ್ತಿತ್ತು. ಅಂಚಿನೊಳಗೆ ಬಿದಿರಿನ ಗಳ ಸೇರಿಸಿ ಹೊರಕ್ಕೆ ಚಾಚಿಸಬೇಕು ಅಂತ ಆಗಲೇ ಗೊತ್ತಾಯಿತು. ಅಷ್ಟರಲ್ಲಿ ಗಾಳಿ ಬಂದು ಸೀರೆ ಉಬ್ಬಿ, ದೋಣಿ ಗಿರ್ರನೆ ತಿರುಗಿ, ಇವರು ಮೊಣಕಾಲುದ್ದ ನೀರಿಗೆ ಜಾರಿದರು. ನಾನು ನಕ್ಕೆ. ಇವರು ನಗಲಿಲ್ಲ.

ಮೊದಲು ನೀಲಿ ತಾಡಪಾಲು ತಂದದ್ದು ನನ್ನ ತಪ್ಪು. ಭತ್ತದ ರಾಶಿ ಮುಚ್ಚಲು ನಮ್ಮ ತವರು ಮಲೆಬೆನ್ನೂರಿನ ಕಡೆ ಎಲ್ಲರ ಮನೆಯಲ್ಲೂ ಇರುವಂಥದ್ದು. ಅದನ್ನು ಹೊದಿಸಿದ ದಿನ ಇವರು ಇಡ್ಲಿ ಪಾತ್ರೆಯಿಂದ ಎದ್ದು ಬಂದವರಂತೆ ಬೆವರಿ ಮನೆಗೆ ಬಂದರು, ಮಾಮೂಲಿಗಿಂತ ಮುಂಚೆ. "ನೆರಳು ಬಿತ್ತಪ್ಪ, ಆದ್ರೆ ಒಳಗೆ ಬೇಯ್ತೈತೆ. ಪಟಪಟ ಅಂತ ಸಪ್ಪಳ ಬೇರೆ. ಹೋಗ್ಲಿ ಬಿಡು, ಆತಲ್ಲ" ಅಂದರು. ಅವರಿಗೆ ಆಗಿರಬಹುದು, ನನಗೆ ಆಗಿರಲಿಲ್ಲ. ಮರುದಿನವೇ ಮಂಡಿಪೇಟೆಗೆ ಹೋದೆ.

ಶಾಮಿಯಾನ ಹೊಲಿಸಿ ಬಾಡಿಗೆಗೆ ಕೊಡುವ ಅಂಗಡಿ. ಮಾಲೀಕರು ವಯಸ್ಸಾದವರು. "ಬರ್ರಿ ಅಕ್ಕಾರ, ಕೂಡ್ರಿ. ಏನ್ ಬೇಕಾಗಿತ್ತು?"

ಬೂಮ್ ಟೆಂಟು ಅನ್ನುವುದು ನನ್ನ ನಾಲಿಗೆಗೆ ಹತ್ತಲಿಲ್ಲ. ನಾಲ್ಕು ಕಂಬ ನಿಲ್ಲಿಸಿ ಮೇಲೆ ನೆರಳು ಹಾಕಿದರೆ ನಾವು ಅದಕ್ಕೆ ಹಂದ್ರ ಅನ್ನುತ್ತೇವೆ, ಮದುವೆ ಮನೆಯ ಮುಂದೆ ಹಾಕುವಂಥದ್ದು. "ಸಣ್ಣದೊಂದು ಹಂದ್ರಕ್ಕೆ ಬಟ್ಟೆ ಬೇಕಾಗಿತ್ರಿ" ಅಂದೆ.

"ಬಹಳ ಸಂತೋಷ. ಯಾರ ಮದಿವೀರಿ?"

"ಮದಿವಿ ಅಲ್ರಿ, ದೋಣಿಗೆ."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ದೋಣಿಗೆ?"

ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕು ಸಾಕಾಯಿತು. ದಪ್ಪ ಹತ್ತಿಯ ಬಟ್ಟೆ ತೆಗೆಸಿದರು. ಮೇಲೆ ಹಳದಿ, ಒಳಗೆ ಕೆನೆ ಬಣ್ಣದ ಅಸ್ತರಿ. ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು ಅದರ ಕೆಳಗೆ ನನ್ನ ಕೈ ಇಟ್ಟು ನೋಡಿದೆ. ಕೈ ಸುಡಲಿಲ್ಲ. ಚೊಂಬು ನೀರು ಸುರಿದು ನೋಡಿದೆ, ಕೆಳಗೆ ಸೋರಲಿಲ್ಲ. ಅಂಚಿಗೆ ಇಳಿಬಿಡುವ ಕೆಂಪು ಝಾಲರು ಬೇಡ ಅಂದರೆ ಅವರು ಒಪ್ಪಲೇ ಇಲ್ಲ. "ಝಾಲರ್ ಇಲ್ದ ಹಂದ್ರ ಎಲ್ಲಾರ ಐತೇನ್ರಿ ಅಕ್ಕಾರ? ನೋಡೋಕೆ ಚಂದ ಕಾಣಬ್ಯಾಡವಾ?" ಎಂದು ಸುತ್ತಿಯೇ ಕೊಟ್ಟರು. ಹಾಳಾಗಿ ಹೋಗಲಿ ಎಂದು ತಂದೆ.

ಹೊಲಿಯುವಾಗ ಪಡಸಾಲೆಯ ತುಂಬ ಬಟ್ಟೆ. ಸೂಜಿ ಮುರಿದು, ದಪ್ಪ ಸೂಜಿ ತರಿಸಿ, ಅಂಚನ್ನು ಮೂರು ಪದರ ಮಡಿಸಿ ಅದರೊಳಗೆ ಹಗ್ಗ ಎಳೆದೆ. ಮಿಷನ್ನಿನ ಆ ಕಡೆ ಇವರು ಬಟ್ಟೆಯ ಭಾರ ಹಿಡಿದುಕೊಂಡು ಕೂತಿರುತ್ತಿದ್ದರು; ನಾನು ತುಳಿದಷ್ಟೂ ಸಡಿಲ ಬಿಡುತ್ತಿದ್ದರು. ಹಗ್ಗ ಕಟ್ಟುವ ತೂತುಗಳಿಗೆ ಹಿತ್ತಾಳೆ ಬಳೆಗಳನ್ನು ಹೊಸ್ತಿಲ ಮೇಲಿಟ್ಟು ಬಡಿದು ಕೂರಿಸಿದರು. ಆ ದಿನಗಳಲ್ಲಿ ಮಧ್ಯಾಹ್ನ ನನಗೆ ಅವರು ಅಡ್ಡಿ ಅನ್ನಿಸಲಿಲ್ಲ, ಅದು ನಿಜ. ಕೆಲಸ ಮುಗಿದರೆ ಸಾಕು ಅನ್ನುವ ಆತುರದಲ್ಲಿದ್ದೆ.

"ನಿಧಾನ ಹೊಲಿ, ಅವಸರ ಏನೈತೆ" ಅನ್ನುತ್ತಿದ್ದರು ಮತ್ತೆ ಮತ್ತೆ.

"ಬ್ಯಾಸಿಗಿ ಬಂದೇ ಬಿಡ್ತು, ಯಾವಾಗ ಹಾಕ್ತೀರಿ?" ಎಂದು ನಾನು ಪೆಡಲು ಒತ್ತುತ್ತಿದ್ದೆ.

ಹಳದಿ ಬಟ್ಟೆ, ಕೆಂಪು ಝಾಲರು ನೋಡಿದ ಎದುರುಮನೆಯಾಕೆ ಯಾರದ್ದು ಮದುವೆ, ನಮಗೆ ಹೇಳಲೇ ಇಲ್ಲವಲ್ಲ ಎಂದು ಮುನಿಸಿಕೊಂಡರು.

ಕಟ್ಟುವ ದಿನ ನಾನೂ ಕೊಂಡಜ್ಜಿಗೆ ಹೋದದ್ದು ಗಂಟುಗಳನ್ನು ತೋರಿಸಿಕೊಟ್ಟು, ಊಟದ ಹೊತ್ತಿಗೆ ಬಸ್ಸು ಹಿಡಿದು ಮನೆಗೆ ಬಂದು ಬಿದ್ದುಕೊಳ್ಳೋಣ ಅಂತ. ಬುತ್ತಿ ಒಬ್ಬರಿಗೇ ಕಟ್ಟಿದ್ದೆ. ಅಡ್ಡಗೋಲಿನ ಮೇಲೆ ಬಟ್ಟೆ ಕೂತು, ಬಿದಿರಿನ ಗಳ ಚಾಚಿ, ಹಗ್ಗಗಳು ಬಿಗಿದವು. ಎಲ್ಲೂ ಸುಕ್ಕಿಲ್ಲ. ನನ್ನ ಕೈಗೆ ನಾನೇ ಶಾಭಾಸ್ ಅಂದುಕೊಂಡೆ. ಆಗ ಕೆರೆಯಲ್ಲಿ ಮೀನು ಹಿಡಿಯುವ ಮನೆಯ ಅಜ್ಜಿಯೊಬ್ಬಳು ಬಲೆ ಒಣಗಿಸುವುದನ್ನು ಬಿಟ್ಟು ಬಂದಳು, ಹಿಂದೆಯೇ ಉಳಿದ ಬಲೆಯವರೂ ಬಂದರು.

"ಏನವ್ವಾ ಇದು? ಚಂದ ಐತಲ್ಲ!"

"ಹಂದ್ರ ಅಜ್ಜಿ" ಅಂದುಬಿಟ್ಟೆ. ತಾಡಪಾಲು ಅಂದಿದ್ದರೆ ಆಗುತ್ತಿತ್ತು. ಟೆಂಟು ಅಂದಿದ್ದರೂ ಆಗುತ್ತಿತ್ತು.

"ಹಂದ್ರ ಅಂದ್ಮೇಲೆ ಕಂಬಕ್ಕೆ ಅರಿಶಿಣ ಹಚ್ಚಬ್ಯಾಡವಾ? ಜೋಡಿ ಕೂಡ್ರಬ್ಯಾಡವಾ? ಒಂಟಿ ಗಂಡ್ಸು ಹಂದ್ರದಾಗೆ ಕೂತ್ರೆ ನೋಡ್ದೋರು ಏನಂತಾರೆ? ತಡಿ, ತರ್ತೀನಿ" ಎಂದು ಗುಡಿಸಲಿಗೆ ಹೋಗಿ ಬಟ್ಟಲಲ್ಲಿ ಅರಿಶಿಣ ಕಲಸಿಕೊಂಡು ಬಂದೇ ಬಿಟ್ಟಳು. ಹಾಯಿಕಂಬಕ್ಕೆ ಬಳಿದಳು, ನನ್ನ ಕೆನ್ನೆಗೂ ಸವರಿದಳು. "ಹತ್ತವ್ವ ತಾಯಿ. ಅರಿಶಿಣ ಬಿದ್ದ ಮ್ಯಾಲೆ ಹಂದ್ರ ಬಿಚ್ಚೋತನ ಗಡಿ ದಾಟಂಗಿಲ್ಲ, ಗೊತ್ತಲ್ಲ?"

ಗೊತ್ತು. ಮದುವೆಯ ಮನೆಯಲ್ಲಿ ಅರಿಶಿಣ ಹಚ್ಚಿದ ಮದುಮಕ್ಕಳನ್ನು ಹೊರಗೆ ಬಿಡುವುದಿಲ್ಲ. ನನ್ನನ್ನೂ ಹಾಗೆಯೇ ಒಂದು ಸಲ ಕೂರಿಸಿದ್ದರು. ಒಂಟಿ ಗಂಡಸು ಅಂತ ಅಜ್ಜಿ ಅಂದಾಗ ಇವರು ಸುಮ್ಮನೆ ನನ್ನ ಕಡೆ ನೋಡುತ್ತಾ ನಿಂತಿದ್ದರು. ಅಷ್ಟು ಜನ ಬಲೆಯವರು ನೋಡುತ್ತಿರುವಾಗ ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಸೀರೆ ಎತ್ತಿಕೊಂಡು ಹತ್ತಿದೆ. ಇವರು ಹುಟ್ಟು ಹಾಕಿ ಕೆರೆಯ ನಡುವಿಗೆ ಒಯ್ದು ಲಂಗರಿನ ಕಲ್ಲು ಇಳಿಬಿಟ್ಟರು.

ಏನು ಹೇಳಲಿ, ಒಳಗೆ ಅಷ್ಟು ತಂಪಾಗಿತ್ತು. ಕೆನೆ ಬಣ್ಣದ ಬೆಳಕು. ಮುಂದಿನಿಂದ ಹೊಕ್ಕ ಗಾಳಿ ಹಿಂದಿನಿಂದ ಹೋಗುತ್ತಿತ್ತು. ಸೆಕೆ ಅಂತ ಎದ್ದು ಹೋಗುವ ಹಾಗಿಲ್ಲ, ಬೆವರು ಅಂತ ಗೊಣಗುವ ಹಾಗಿಲ್ಲ. ಎದ್ದು ನಿಂತರೆ ಗೋಲು ನೆತ್ತಿಗೆ ಬಡಿಯುತ್ತಿತ್ತು. ಕಾಲು ಚಾಚಿದರೆ ಅವರ ಮೊಣಕಾಲು. ಬಟ್ಟೆ ಎರಡೂ ಕಡೆ ಇಳಿದಿದ್ದರಿಂದ ಕಣ್ಣು ಹಾಯಿಸಲೂ ಅವರ ಮುಖ ಬಿಟ್ಟು ಬೇರೆ ಏನಿಲ್ಲ. ಹಂದ್ರ ಮೇಲಿರುವಾಗ ಹಾಯಿ ಏರಿಸಲೂ ಬರುವುದಿಲ್ಲ. ಮೊಳೆ ಹೊಡೆದ ಪೆಟ್ಟಿಗೆಯೊಳಗೆ ನಾನೇ ಹೋಗಿ ಕೂತಿದ್ದೆ. ಇಡೀ ಬೇಸಿಗೆ ಇನ್ನು ಜೋಡಿ ಕೂರು ಬಾ ಅಂದರೆ ನನ್ನ ಗತಿಯೇನು?

ಇನ್ನು ಶುರುವಾಗುತ್ತದೆ ಅಡಿಕೆ ಧಾರಣೆ ಎಂದು ಕಾದೆ. ಶುರುವಾಗಲಿಲ್ಲ. ಇವರು ಕಾಲಬುಡದ ಹಲಗೆ ನೋಡುತ್ತಾ ಕೂತಿದ್ದರು. ಅಷ್ಟು ತಂಪಿನಲ್ಲೂ ಮೀಸೆಯ ಮೇಲೆ ಬೆವರು.

"ಯಾಕ್ರಿ ಸುಮ್ನಿದೀರಿ? ಮನ್ಯಾಗಾದ್ರೆ ಬಾಯಿ ನಿಲ್ಲಲ್ಲ."

"ಇಲ್ಲಿ ಮಾತಾಡಾಕೆ ಏನೈತೆ. ನೀರು."

"ಹೆಂಗೈತೆ ಹಂದ್ರ? ಇನ್ಮೇಲೆ ಸಂಜಿತನ ಆರಾಮ ಇರಬಹುದು ನೀವು."

"ಹೂಂ. ಸಂಜಿತನ."

"ಮತ್ಯಾಕ ಮುಖ ಹಿಂಗೆ? ಇಷ್ಟೊಂದು ಬಡಕೊಂಡು ಹೊಲ್ದೀನಿ, ಚಲೋ ಆಗೇತಿ ಅನ್ನಾಕಾದ್ರೂ ಬರಲ್ವಾ?"

"ಚಲೋ ಆಗೇತೆ. ಭಾಳ ಚಲೋ ಆಗೇತೆ." ದೋಣಿಯ ಅಂಚನ್ನು ಹಿಡಿದುಕೊಂಡು ಅಂದರು, "ನಂಗೆ ನೀರು ಕಂಡ್ರೆ ಆಗಲ್ಲ ಕಣೇ. ಹೊಟ್ಟಿ ತೊಳಸ್ತೈತೆ. ಎಂಜಿನ್ ರೂಮಿಗೆ ಕಿಟಕಿ ಇರಲ್ಲ, ನೀರು ಕಾಣಲ್ಲ. ಅದ್ಕೇ ಅಲ್ಲಿ ಕೆಲ್ಸ ಕೇಳಿ ಹಾಕಿಸ್ಕೊಂಡಿದ್ದು."

ನನಗೆ ತಮಾಷೆ ಅನ್ನಿಸಿತು. ಅವರ ಮುಖ ನೋಡಿದರೆ ತಮಾಷೆ ಇರಲಿಲ್ಲ.

"ಮತ್ತೆ ಈ ದೋಣಿ ಯಾಕ ತಂದ್ರಿ?"

"ಬಚ್ಚಲಾಗೆ ನಲ್ಲಿ ಬಿಟ್ಕೊಂಡು ಕೂಡ್ರತಿದ್ದೀಯಲ್ಲ. ಅಷ್ಟು ದೊಡ್ಡ ಎಂಜಿನ್ ಸಪ್ಪಳದಾಗೆ ಒಂದು ನಟ್ಟು ಸಡಿಲಾದ್ರೆ ಕೇಳಸ್ತಿತ್ತು ನಂಗೆ. ನೀನು ಅತ್ತಿದ್ದು ಕೇಳಸಲ್ವಾ?" ಹಲಗೆಯ ಮೇಲಿಂದ ಕಣ್ಣು ಎತ್ತಲಿಲ್ಲ. "ಎಲ್ಲಿಗಾರ ಹೋಗಬೇಕಲ್ಲ. ಪಾರ್ಕಿನಾಗೆ ದಿನಾ ಕೂತ್ರೆ ಹೆಂಡ್ತಿ ಹೊರಗ ಹಾಕ್ಯಾಳೆ ಅಂತಾರೆ, ನಿಂಗೆ ಕೆಟ್ಟ ಹೆಸ್ರು. ದೋಣಿ ತಂದ್ರೆ, ಹಡಗಿನವನು, ನೀರು ಬಿಟ್ಟು ಇರಾಕಾಗಲ್ಲ ಅಂತಾರೆ. ಯಾರೂ ಏನೂ ಅನ್ನಲ್ಲ."

ಗಾಳಿಗೆ ಝಾಲರು ಅಲ್ಲಾಡುತ್ತಿತ್ತು. ನನ್ನ ಕೆನ್ನೆಯ ಅರಿಶಿಣ ಒಣಗಿ ಬಿಗಿಯುತ್ತಿತ್ತು. ದೋಣಿ ನೋಡಿ ನಾನು ಪಾಯಸ ಮಾಡಿ ಬಡಿಸಿದ್ದೆ, ಇವರು ಎರಡು ಸಲ ಹಾಕಿಸಿಕೊಂಡು ಉಂಡಿದ್ದರು.

"ಬಿಸಿಲು ಅನ್ನೋದೊಂದು ನೆವ ಇತ್ತು, ಊಟದ ಹೊತ್ತಿಗೆ ಮನಿಗೆ ಬರಾಕೆ" ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಅದನ್ನೂ ಹೊಲ್ದು ಮುಚ್ಚಿಬಿಟ್ಟಿ ನೀನು."

ನನಗೆ ರೇಗಿತು. ಯಾರ ಮೇಲೆ ಅಂತ ಹೇಳಲಾರೆ. ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದು ಈಗ, ಈ ನೀರಿನ ನಡುವೆ, ನಾನು ಎದ್ದು ಹೋಗಲಾಗದ ಕಡೆ ಹೇಳುತ್ತಿದ್ದಾರಲ್ಲ ಅಂತ. ಅವರಿಗೆ ವಾಕರಿಕೆ ಬರುತ್ತಿರುವುದೂ ಕಂಡಿತು. ಬುತ್ತಿಯ ಜೊತೆಗಿದ್ದ ನಿಂಬೆಹಣ್ಣು ಕಚ್ಚಿ ಸೀಳಿ, ಮೂಸಲು ಅವರ ಕೈಗೆ ಕೊಟ್ಟೆ.

"ನಡೀರಿ, ಬಿಚ್ಚಿರಿ ಇದನ್ನ. ಮನಿಗೆ ಹೋಗಾಣ" ಅಂದೆ.

ಅವರ ಮುಖ ಅರಳಿದ್ದನ್ನು ನಾನು ಕಂಡೆ. ಎದ್ದು ಬಗ್ಗಿಕೊಂಡೇ ಹಿಂದಿನ ಗಂಟಿಗೆ ಕೈ ಹಾಕಿದರು. ನಾನು ಬಿಗಿಯಾಗಿ ಹಾಕಿದ್ದ ಗಂಟು. ಉಗುರಿನಿಂದ ಎಬ್ಬಿಸಿ ಒಂದು ಸುತ್ತು ಸಡಿಲ ಮಾಡಿದರು. ಆಮೇಲೆ ಕೈ ನಿಲ್ಲಿಸಿ, ತಿರುಗಿ ಕೇಳಿದರು.

"ನಾನು ಮನ್ಯಾಗಿದ್ರೆ ನಿಂಗೆ ತ್ರಾಸಾಗಲ್ವಾ?"

ಇಲ್ಲ ಅನ್ನಬೇಕಿತ್ತು. ಒಂದೇ ಮಾತು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಒಂದು ಸುಳ್ಳು ಹೇಳಲು ಏನು ಕಷ್ಟ? ಬಾಯಿ ತೆರೆದೆ. ತಣ್ಣನೆ ನೆಲ, ತಲೆಯ ಹತ್ತಿರದ ಕುರ್ಚಿ, ಏ ಮಲಗಿದಿಯೇನು ಅನ್ನುವ ದನಿ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅವರು ಗಂಟಿನ ಮೇಲೆ ಕೈ ಇಟ್ಟುಕೊಂಡು ಕಾದರು. ಅವಸರ ಮಾಡಲಿಲ್ಲ.

ನಾನು ಏನೂ ಹೇಳಲಿಲ್ಲ.

ಅವರು ತಲೆಯಾಡಿಸಿದರು, ಬೇಜಾರೇನಿಲ್ಲ ಅನ್ನುವ ಹಾಗೆ. ಸಡಿಲ ಮಾಡಿದ್ದ ಹಗ್ಗವನ್ನು ಎಳೆದು ಮತ್ತೆ ಬಿಗಿದು, ಬಂದು ನನ್ನೆದುರು ಕೂತರು.

"ಇನ್ನೂ ಬಿಸಿಲೈತೆ" ಅಂದರು. "ಸಂಜಿಗೆ ಹೋಗಾಣ ಬಿಡು."